ಸ್ವಲ್ಪ ಬಿಸಿಲು

ನಾನು ಮದುವೆಯಾಗಿ ಈ ಊರಿಗೆ ಬಂದ ದಿನ ಕೈಯಲ್ಲಿ ಒಂದು ಹೊಸ ಛತ್ರಿ ಹಿಡಿದುಕೊಂಡಿದ್ದೆ. ನಮ್ಮಪ್ಪ ಕೊಡಿಸಿದ್ದು. ಬಸ್ಸಿನಿಂದ ಇಳಿದು ಠೀವಿಯಿಂದ ಬಿಚ್ಚಿ ಹಿಡಿದಾಗ ಬೀದಿಯ ಜನವೆಲ್ಲ ನಿಂತು ನಕ್ಕರು. ತಲೆಯೆತ್ತಿ ನೋಡಿದರೆ ಛತ್ರಿಯೂ ಇದೆ, ಮುಖದ ಮೇಲೆ ಬಿಸಿಲೂ ಇದೆ. ಈ ಊರಲ್ಲಿ ಬಿಸಿಲು ಛತ್ರಿಗೆ ನಿಲ್ಲುವುದಿಲ್ಲ. ಹೆಂಚಿಗೆ, ಗೋಡೆಗೆ, ಮರಕ್ಕೆ, ಉಟ್ಟ ಸೀರೆಗೆ ಯಾವುದಕ್ಕೂ ನಿಲ್ಲುವುದಿಲ್ಲ. ರಕ್ತ ಓಡುವ ಮೈಗೆ ಮಾತ್ರ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಕೋಳಿಗಳು ಹಸುವಿನ ಹೊಟ್ಟೆಯ ಕೆಳಗೆ ಮಲಗುತ್ತವೆ, ಸಂತೆಗೆ ಹೋಗುವವರು ಎಮ್ಮೆಯ ಮಗ್ಗುಲಲ್ಲೇ ನಡೆಯುತ್ತಾರೆ. ಶಾಲೆಯಲ್ಲಿ ಎತ್ತರದ ಮಕ್ಕಳನ್ನು ಬಿಸಿಲು ಬರುವ ಕಡೆ ಕೂರಿಸುತ್ತಾರೆ. ಆ ಛತ್ರಿಯನ್ನು ನಮ್ಮತ್ತೆ ಮೆಣಸಿನಕಾಯಿ ಒಣಗಿಸುವಾಗ ಕಾಗೆ ಓಡಿಸಲು ಇಟ್ಟುಕೊಂಡರು.

ಅಂಥ ನೆರಳು ಸಿಗದಾಗ ಮೈ ಕಾಯುವುದು ಲೇಪ. ಕೆರೆಯಂಚಿನ ಬಿಳಿ ಜೇಡಿಮಣ್ಣು ತಂದು, ಒಣಗಿಸಿ, ಬಟ್ಟೆಯಲ್ಲಿ ಸೋಸಿ, ಎಳ್ಳೆಣ್ಣೆ ಹಾಕಿ ಒರಳಲ್ಲಿ ಅರೆಯಬೇಕು. ಹೊತ್ತು ಹುಟ್ಟುವುದಕ್ಕೆ ಮುಂಚೆ ಮೈಗೆಲ್ಲ ಹಚ್ಚಿಕೊಳ್ಳಬೇಕು. ಬೆಳಗ್ಗೆ ಎದುರು ಸಿಕ್ಕವರನ್ನು ಇಲ್ಲಿ ಯಾರೂ ಕಾಫಿ ಆಯ್ತಾ ಎಂದು ಕೇಳುವುದಿಲ್ಲ, ಲೇಪ ಆಯ್ತಾ ಎಂದು ಕೇಳುತ್ತಾರೆ. ಮನೆಯ ಗೋಡೆಗೇ ಬಳಿದುಬಿಟ್ಟರೆ ಆಗದೇ ಎಂದು ನಾನು ಹೊಸದರಲ್ಲಿ ಕೇಳಿ ಇನ್ನೊಂದು ಸಲ ನಗೆಪಾಟಲಾದೆ. ಎಲ್ಲರೂ ಒಮ್ಮೆ ಬಳಿದು ನೋಡಿದವರೇ. ಮಣ್ಣು ಒಣಗಿ ಉದುರಿತು, ಬಿಸಿಲು ಒಳಗೇ ಇತ್ತು.

ಮಗು ಹುಟ್ಟಿದ ಮೇಲೆ ಇಲ್ಲಿನ ಇನ್ನೊಂದು ಪದ್ಧತಿ ಗೊತ್ತಾಯಿತು. ಹೆತ್ತವಳು ತನ್ನ ಮಗುವಿಗೆ ತಾನೇ ಲೇಪ ಹಚ್ಚುವಂತಿಲ್ಲ. ಅವಳಿಗೆ ಅಳತೆ ತಿಳಿಯುವುದಿಲ್ಲವಂತೆ, ಹೆದರಿಕೊಂಡು ಮೆತ್ತಿಬಿಡುತ್ತಾಳಂತೆ. ಮನೆಯ ಹಿರಿಯಳೇ ಹಚ್ಚಬೇಕು. ಈ ಪದ್ಧತಿ ಮಾಡಿದವರು ನಮ್ಮತ್ತೆ ಕೆಂಪಾಜಮ್ಮನನ್ನು ನೋಡಿರಲಿಲ್ಲ ಎಂದು ಕಾಣುತ್ತದೆ. ಅವರು ನನ್ನ ಮಗಳು ಹೊನ್ನಿಗೆ ಲೇಪ ಹಚ್ಚುವುದನ್ನು ನೋಡಿದರೆ ಗೋಡೆಗೆ ಗಾರೆ ಮೆತ್ತುವ ಮೇಸ್ತ್ರಿ ನೆನಪಾಗುತ್ತಿದ್ದ. ಒಂದು ಸಲ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಸಲ, ಮಧ್ಯಾಹ್ನ ಎಬ್ಬಿಸಿ ಮತ್ತೊಂದು ಸಲ. ಮಗು ಬೆವರಿದರೆ ಕಿವಿಯ ಹಿಂದೆ, ಬೆರಳಿನ ಸಂದಿಗೆ ತುಂಬುತ್ತಿದ್ದರು. ನನಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ನನ್ನ ಗಂಡ ಮಾದೇಶನಿಗೆ ಒಬ್ಬಳು ಅಕ್ಕ ಇದ್ದಳು, ಪುಟ್ತಾಯಿ. ಅತ್ತೆ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಆ ಮಗು ನೀರಿನಲ್ಲಿ ಆಡಿ ಲೇಪವೆಲ್ಲ ತೊಳೆದುಹೋಗಿತ್ತು. ಯಾರೂ ಗಮನಿಸಲಿಲ್ಲ. ಸಂಜೆ ಜ್ವರ ಬಂತು, ಮಗು ಉಳಿಯಲಿಲ್ಲ. ಅಂಥವರಿಗೆ ಸ್ವಲ್ಪ ತೆಳುವಾಗಿ ಹಚ್ಚಿ ಎಂದು ಯಾವ ಬಾಯಿಂದ ಹೇಳುವುದು?

ಹೊನ್ನಿ ಓರಗೆಯ ಮಕ್ಕಳಿಗಿಂತ ತಡವಾಗಿ ಎದ್ದು ನಿಂತಳು. ನಿಂತ ಮೇಲೆ ನಡೆಯಲು ಇನ್ನೂ ತಡ ಮಾಡಿದಳು. ನಡೆದಾಗ ಬಾತುಕೋಳಿಯಂತೆ ಆ ಕಡೆ ಈ ಕಡೆ ವಾಲುತ್ತಿದ್ದಳು. ನೋಡಿದವರು ಮುದ್ದು ಎಂದು ನಗುತ್ತಿದ್ದರು. ನಾನೂ ನಕ್ಕೆ. ಒಂದು ದಿನ ಹೊತ್ತು ಮುಳುಗಿದ ಮೇಲೆ ಸ್ನಾನ ಮಾಡಿಸುವಾಗ ಎರಡು ಪಾದ ಜೋಡಿಸಿ ನಿಲ್ಲಿಸಿದೆ. ಪಾದಗಳು ಕೂಡಿಕೊಂಡಿವೆ, ಮೊಣಕಾಲುಗಳ ನಡುವೆ ನನ್ನ ಮುಷ್ಟಿ ತೂರುವಷ್ಟು ಜಾಗವಿದೆ. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಅವಳು ನಡೆದಾಗಲೆಲ್ಲ ಕಾಲನ್ನೇ ನೋಡುತ್ತಿದ್ದೆ. ಎದುರುಮನೆ ಲಿಂಗಾಜಮ್ಮನ ಮೊಮ್ಮಕ್ಕಳ ಕಾಲನ್ನೂ ನೋಡುತ್ತಿದ್ದೆ, ನೆಟ್ಟಗಿದ್ದರೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಮೂವರೂ ಸೇರಿ ಮಗುವನ್ನು ಡಾಕ್ಟರ್ ಪದ್ಮರಾಜಯ್ಯನವರ ಹತ್ತಿರ ಕರೆದುಕೊಂಡು ಹೋದೆವು. ಅವರು ಮಣಿಕಟ್ಟು ಒತ್ತಿದರು, ಪಕ್ಕೆಲುಬು ಮುಟ್ಟಿದರು, ಕಾಲನ್ನು ಹಿಡಿದು ಸುಮಾರು ಹೊತ್ತು ನೋಡಿದರು. ಆಮೇಲೆ ಬೆರಳಿನಿಂದ ಅವಳ ತೊಡೆಯ ಮೇಲಿನ ಲೇಪವನ್ನು ಕೆರೆದು ಅದು ಎಷ್ಟು ದಪ್ಪ ಇದೆ ಎಂದು ನೋಡಿದರು.

"ಮೂಳೆ ಎಳಸಾಗಿದೆ. ಹಾಲು, ಮೊಟ್ಟೆ ಕೊಡಿ, ಟಾನಿಕ್ ಬರೆದುಕೊಡ್ತೀನಿ. ಆದರೆ ಮುಖ್ಯವಾಗಿ ಮಗೂಗೆ ಬಿಸಿಲು ಸಾಲ್ತಾ ಇಲ್ಲ" ಎಂದರು.

"ಬಿಸಿಲು ಸಾಲ್ದಾ?" ನಮ್ಮತ್ತೆ ಬೆಂಚಿನಿಂದ ಎದ್ದೇ ಬಿಟ್ಟರು. "ಈ ಊರಲ್ಲಾ ಡಾಕ್ಟ್ರೇ? ಹಾಸಿಗೇಲಿ ಬಿಸ್ಲು, ದೇವ್ರ ಮನೇಲಿ ಬಿಸ್ಲು, ನಿಮ್ ನೆತ್ತಿ ಮೇಲೇ ಈಗ ಬಿಸ್ಲು. ಸಾಲ್ದು ಅಂತೀರಲ್ಲ!"

"ಬಿಸಿಲು ಬೇಕಾದಷ್ಟಿದೆ ಅಮ್ಮ. ಮಗು ಮೈಗೆ ಇಳೀತಿಲ್ಲ. ಬೆನ್ನು, ಕಾಲು ಬಿಟ್ಟು ಹಚ್ಚಿ. ಬೆಳಗಿನ ಹೊತ್ತು ಸ್ವಲ್ಪ ಬಿಸಿಲು ತಗುಲಲಿ, ಆಮೇಲೆ ಹಚ್ಚಿಬಿಡಿ. ಹೀಗೇ ಬಿಟ್ರೆ ಕಾಲು ಇನ್ನೂ ಸೊಟ್ಟ ಆಗುತ್ತೆ. ದೊಡ್ಡವಳಾದ ಮೇಲೆ ನೆಟ್ಟಗೆ ಮಾಡೋದು ಕಷ್ಟ."

"ನಾನು ಒಂದನ್ನ ಬಿಸ್ಲಿಗೆ ಕೊಟ್ಟಿದೀನಿ. ಇನ್ನೊಂದನ್ನ ಕೊಡಲ್ಲ" ಎಂದು ಅತ್ತೆ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟರು. ದಾರಿಯುದ್ದಕ್ಕೂ ಅವಳನ್ನು ತಮ್ಮ ಮೈಯ ನೆರಳಿನಲ್ಲೇ ಹಿಡಿದಿದ್ದರು. ನಾನೂ ಮಾದೇಶನೂ ಹಿಂದೆ ನಡೆದೆವು.

ಅವತ್ತು ಮನೆಯಲ್ಲಿ ಮಾತಿಲ್ಲ. ನಾನು ಒಳಗೊಳಗೇ ಬೇಯುತ್ತಿದ್ದೆ. ಡಾಕ್ಟರು ಹೇಳಿದ್ದು ನಿಜವಾದರೆ ಒಂದೊಂದು ದಿನವೂ ಮಗುವಿನ ಕಾಲು ಬಾಗುತ್ತಿದೆ. ಸುಳ್ಳಾದರೆ, ಅವರ ಮಾತು ಕೇಳಿ ಲೇಪ ಬಿಟ್ಟರೆ, ಪುಟ್ತಾಯಿಗೆ ಆದದ್ದು ಇವಳಿಗೂ ಆಗಬಹುದು. ಎರಡೂ ಕಡೆ ಮಗುವೇ ಇದೆ. ಯಾರನ್ನು ಕೇಳಲಿ? ಅತ್ತೆಯನ್ನು ಕೇಳುವ ಧೈರ್ಯ ಇಲ್ಲ. ಮಾದೇಶನನ್ನು ಕೇಳಿದರೆ, "ಅವ್ವ ಹೇಳ್ದಂಗೆ ಮಾಡು" ಎನ್ನುತ್ತಾನೆ. ಅವನು ಸೈಕಲ್ ರಿಪೇರಿ ಮಾಡುವವನು, ಯಾವ ಚಕ್ರ ಎಲ್ಲಿ ಸೊಟ್ಟಗಿದೆ ಎಂದು ಕಣ್ಣಳತೆಯಲ್ಲೇ ಹೇಳುತ್ತಾನೆ. ಮಗಳ ಕಾಲಿನ ವಿಷಯ ಬಂದರೆ ಮಾತ್ರ ಬೇರೆ ಕಡೆ ನೋಡುತ್ತಾನೆ ಎಂದು ನನಗೆ ಸಿಟ್ಟಿತ್ತು.

ಬೆಳಗ್ಗೆ ಒರಳಿನ ಮುಂದೆ ಕೂತಾಗ ನನ್ನ ಕೈ ತಾನೇ ಒಂದು ತೀರ್ಮಾನಕ್ಕೆ ಬಂತು. ಲೇಪ ಹಚ್ಚುವ ಹಕ್ಕು ಅತ್ತೆಯದು, ಅರೆಯುವ ಕೆಲಸ ನನ್ನದು. ಹೊನ್ನಿಯ ಪಾಲಿಗೆ ಮಣ್ಣು ಕಡಿಮೆ ಹಾಕಿ ಎಣ್ಣೆ ಜಾಸ್ತಿ ಹಾಕಿದೆ. ನೋಡಲು ಲೇಪದ ಹಾಗೇ ಇತ್ತು, ಬೆರಳಲ್ಲಿ ಮಾತ್ರ ಜಾರುತ್ತಿತ್ತು. ಅತ್ತೆ ಬಟ್ಟಲು ಕೈಗೆ ತೆಗೆದುಕೊಂಡಾಗ ನಾನು ಒರಳು ತೊಳೆಯತೊಡಗಿದೆ. ಅವರು ಗೋಡೆಯ ಕಡೆ ತಿರುಗಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬೇಗ ಬೇಗ ಹಚ್ಚಿ ಮುಗಿಸಿದರು. ಅವತ್ತೇನೋ ಬೇಗ ಮುಗಿಯಿತಲ್ಲ ಎಂದುಕೊಂಡೆ ಅಷ್ಟೆ. ಮಾದೇಶ ಎಂದಿನಂತೆ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅಂಗಡಿಗೆ ಹೋದ.

ಊಟದ ಹೊತ್ತಿಗೆ ಅವನು ಅವಳನ್ನು ಎತ್ತಿಕೊಂಡು ಓಡಿ ಬಂದ. ಸೈಕಲ್ ಎಲ್ಲಿ ಬಿಟ್ಟನೋ ಗೊತ್ತಿಲ್ಲ. ಮಗು ಅಳುತ್ತಿರಲಿಲ್ಲ, ನಡುಗುತ್ತಿತ್ತು. ಬೆನ್ನಿನಿಂದ ಹಿಮ್ಮಡಿಯವರೆಗೂ ಮೈ ಕಂದು ಕೆಂಪಾಗಿ ಊದಿಕೊಂಡಿತ್ತು. ಮುಟ್ಟಿದರೆ ಕಾದ ಹೆಂಚು ಮುಟ್ಟಿದ ಹಾಗೆ. ನನ್ನ ತೋಳಿಗೆ ಬಂದದ್ದೇ ವಾಂತಿ ಮಾಡಿಕೊಂಡಳು. ಎಣ್ಣೆ ಜಾಸ್ತಿ ಆಗಿದ್ದಕ್ಕೆ ಇಷ್ಟಾಯಿತೇ? ನಾನೇ ಕೊಂದೆ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಹೇಳಲು ಹೊತ್ತೂ ಇರಲಿಲ್ಲ.

ಸುಟ್ಟ ಮೈಗೆ ಲೇಪ ಹಚ್ಚುವಂತಿಲ್ಲ, ಹಚ್ಚಿದರೆ ಚರ್ಮವೇ ಕಿತ್ತುಬರುತ್ತದೆ. ಲೇಪ ಇಲ್ಲದಿದ್ದರೆ ಮನೆಯೊಳಗೂ ಬಿಸಿಲು. ಉಳಿದದ್ದು ಮೈಯ ನೆರಳೊಂದೇ. ಬಾಳೆ ಎಲೆ ಹಾಸಿ ಮಗುವನ್ನು ಬೋರಲು ಮಲಗಿಸಿದೆವು. ಅತ್ತೆ ಅವಳ ಮೇಲೆ ಮಂಡಿ, ಕೈ ಊರಿ ಬಾಗಿ ನಿಂತರು. ಆ ವಯಸ್ಸಿಗೆ ಎಷ್ಟು ಹೊತ್ತು ಹಾಗೆ ನಿಲ್ಲಲಾದೀತು? ಹೊತ್ತು ಸರಿದಂತೆ ನೆರಳೂ ಸರಿಯುತ್ತದೆ, ಮಗುವಿನ ಕಾಲು ಆಚೆ ಬೀಳುತ್ತದೆ. ನಾನು ಒದ್ದೆ ಬಟ್ಟೆ ಹಾಕಲೋ, ಮಜ್ಜಿಗೆ ಕುಡಿಸಲೋ, ನೆರಳಿಗೆ ನಿಲ್ಲಲೋ ತಿಳಿಯದೆ ಸುಮ್ಮನೆ ಸುತ್ತುತ್ತಿದ್ದೆ. ಮಾದೇಶ ಎದುರುಮನೆಗೆ ಓಡಿ ಲಿಂಗಾಜಮ್ಮನ ಎಮ್ಮೆ ಹೊಡೆದುಕೊಂಡು ಬಂದ. ಅದರ ಕೊಂಬು ಬಾಗಿಲಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ, ನಡುಮನೆಗೆ ತಂದು, ಮಗುವಿನ ಪಕ್ಕ ಬಿಸಿಲಿಗೆ ಅಡ್ಡ ನಿಲ್ಲಿಸಿದ. ಒಂದೇ ಸಲಕ್ಕೆ ನಡುಮನೆಯಲ್ಲಿ ದೊಡ್ಡ ಕಪ್ಪು ನೆರಳು ಬಿತ್ತು.

ಪುಣ್ಯಾತ್ಗಿತ್ತಿ ಎಮ್ಮೆ ಮೆಲುಕು ಹಾಕುತ್ತಾ ನಿಂತುಕೊಂಡಿತು. ಎರಡು ಸಲ ಸಗಣಿ ಹಾಕಿತು. ಅದು ನೊಣ ಓಡಿಸಲು ಕಾಲೆತ್ತಿದಾಗಲೆಲ್ಲ ಗೊರಸಿಗೂ ಮಗುವಿನ ತಲೆಗೂ ಒಂದು ಗೇಣು ಅಂತರ. ಅತ್ತೆ ಆ ಕಾಲಿನ ಪಕ್ಕದಲ್ಲೇ ಕೂತು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಮಾದೇಶ ಹಗ್ಗ ಹಿಡಿದು ನಿಂತ. ಲಿಂಗಾಜಮ್ಮ ಡಾಕ್ಟರನ್ನು ಕರೆತರಲು ಹೋದರು, ಡಾಕ್ಟರು ಪಕ್ಕದ ಹಳ್ಳಿಗೆ ಹೋಗಿದ್ದಾರೆ ಎಂದು ಹೇಳಿಕಳಿಸಿ ಅಲ್ಲೇ ಕಾಯುತ್ತಾ ಕೂತರು. ಮಗು ಕಣ್ಣು ಬಿಡಲಿಲ್ಲ. ಹತ್ತಿಯಲ್ಲಿ ಅದ್ದಿ ತುಟಿಗೆ ಹಿಂಡಿದ ಮಜ್ಜಿಗೆ ಕೆನ್ನೆಯ ಮೇಲೇ ಇಳಿದುಹೋಗುತ್ತಿತ್ತು.

ಆಗ ಅತ್ತೆಯ ಬೆನ್ನು ನನ್ನ ಕಣ್ಣಿಗೆ ಬಿತ್ತು. ರವಿಕೆಯ ಮೇಲೆ ಕತ್ತಿನ ಹತ್ತಿರ ಚರ್ಮ ಕೆಂಡದಂತಾಗಿತ್ತು. ಅವರ ಬೆನ್ನಿಗೆ ದಿನವೂ ಹಚ್ಚುವವಳು ನಾನು. ಆ ಬೆಳಗ್ಗೆ ನನ್ನ ಕಳ್ಳತನದ ಗಾಬರಿಯಲ್ಲಿ ಮರೆತಿದ್ದೆ, ಅವರೂ ಕೇಳಿರಲಿಲ್ಲ. ಬಟ್ಟಲು ತಂದು, ಇನ್ನೂ ಸುಡದ ಕಡೆಯಾದರೂ ಆಗಲಿ ಎಂದು ರವಿಕೆ ಸರಿಸಿ ಹಚ್ಚತೊಡಗಿದೆ. ಅವರ ಮುಖ ಕಾಣಿಸುತ್ತಿರಲಿಲ್ಲವಾದ್ದರಿಂದ ಮಾತು ಹೊರಗೆ ಬಂತು.

"ಅತ್ತೆ, ನಾನೇ ಮಾಡಿದ್ದು. ಬೆಳಗ್ಗೆ ಅವಳ ಲೇಪಕ್ಕೆ ಮಣ್ಣು ಕಮ್ಮಿ ಹಾಕ್ದೆ. ಎಣ್ಣೇನೇ ಜಾಸ್ತಿ. ಡಾಕ್ಟ್ರು ಸ್ವಲ್ಪ ಬಿಸ್ಲು ಅಂದ್ರಲ್ಲ ಅಂತ..."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವರು ಎಮ್ಮೆಯ ಕಾಲನ್ನು ಬಿಡದೆ ಹಾಗೇ ಕೂತಿದ್ದರು.

"ನಿನ್ ಎಣ್ಣೇನ ನಾನೆಲ್ಲಿ ಹಚ್ದೆ ದೇವೀರಿ" ಎಂದರು. "ಮುಖಕ್ಕೆ, ಕೈಗೆ ಹಚ್ದೆ. ಬೆನ್ನಿಗೂ ಕಾಲಿಗೂ ಸುಮ್ನೆ ಕೈ ಆಡಿಸ್ದೆ. ಒಂದು ಬೆರಳು ಅಗಲ ಜಾಗ ಬಿಟ್ಟು ನೋಡಾನ ಅಂತ ಶುರು ಮಾಡ್ದೆ. ಆ ಕಾಲು ನೋಡಿ ಆಮೇಲೆ ಹಚ್ಚಕ್ಕೆ ಮನಸ್ಸೇ ಬರ್ಲಿಲ್ಲ. ನಿನ್ನೆ ಡಾಕ್ಟ್ರ ಮುಂದೆ ಹಾರಾಡಿದ್ನಲ್ಲ, ನಿಮಗೆ ಹೇಳಕ್ಕೆ ನಾಚಿಕೆ ಆಯ್ತು. ಅಂಗಡಿ ಮುಂದೆ ಬಂದೋರ ಎಮ್ಮೆ ಕಟ್ಟಿರ್ತವೆ, ಅವುಗಳ ನೆರಳಲ್ಲೇ ಆಡ್ತಾಳೆ, ಅಷ್ಟೊಂದೇನೂ ಆಗಲ್ಲ ಅಂದ್ಕೊಂಡೆ."

ಮಾದೇಶನ ಕೈಯಲ್ಲಿ ಹಗ್ಗ ಸಡಿಲವಾಯಿತು. ಎಮ್ಮೆ ತಲೆಯಾಡಿಸಿತು. ನಾನು "ಹಗ್ಗ ಹಿಡ್ಕೊಳ್ರೀ!" ಎಂದು ಕಿರುಚಿದೆ. ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡು ಗೋಡೆ ನೋಡುತ್ತಾ ಹೇಳಿದ:

"ನಾನು ನಲ್ಲಿ ಹತ್ರ ಸೈಕಲ್ ನಿಲ್ಲಿಸಿ ಒದ್ದೆ ಟವಲಲ್ಲಿ ಅವಳ ಕಾಲು, ಬೆನ್ನು ಒರೆಸ್ದೆ. ಅವ್ವ ದಪ್ಪ ಹಚ್ಚಿರ್ತಾಳೆ, ಅರ್ಧ ಹೋದ್ರೂ ಅರ್ಧ ಇರುತ್ತೆ ಅಂತ. ಅಂಗಡಿ ಮುಂದೆ ಎಮ್ಮೆ ಕಟ್ಟೋರಿಗೂ ಇವತ್ತು ದೂರ ಕಟ್ರಪ್ಪ ಅಂದೆ."

ಮೂವರಲ್ಲಿ ಒಬ್ಬೊಬ್ಬರೂ ಕೊಟ್ಟದ್ದು ಸ್ವಲ್ಪವೇ. ಒಬ್ಬೊಬ್ಬರೂ ಉಳಿದಿಬ್ಬರನ್ನು ನಂಬಿಕೊಂಡು ಕೊಟ್ಟಿದ್ದೆವು. ಒಂದು ಮಾತು ಆಡಿದ್ದರೆ ಸಾಕಿತ್ತು. ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ, ಗಂಡನ ಮೇಲೂ ಬರಲಿಲ್ಲ. ಅವನು ಮಗಳ ಕಾಲನ್ನು ನೋಡುತ್ತಿದ್ದ ಎನ್ನುವುದು ಅವತ್ತೇ ಗೊತ್ತಾದದ್ದು. ಅಳು ಬಂತು, ಅಳುತ್ತಲೇ ಬಟ್ಟೆ ಅದ್ದಿ ಹಾಕಿದೆ.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರು ಬಂದರು. ಎಮ್ಮೆಯನ್ನು ನೋಡಿ ಬಾಗಿಲಲ್ಲೇ ಒಂದು ಕ್ಷಣ ನಿಂತರು. ಮಗುವಿಗೆ ಸೂಜಿ ಚುಚ್ಚಿದರು, ಗುಳ್ಳೆಗಳನ್ನು ಒಡೆಯಬೇಡಿ ಎಂದರು, ಅತ್ತೆಯ ಕತ್ತಿಗೂ ಮುಲಾಮು ಕೊಟ್ಟರು. ಇವತ್ತು ಕಳೀಲಿ, ಆಮೇಲೆ ನೋಡೋಣ ಎಂದರು. ಆ ಮಾತಿಗೆ ಅತ್ತೆ ನೆಲದ ಮೇಲೆ ಕುಸಿದು ಕೂತರು. ಪುಟ್ತಾಯಿಯ ಸಂಜೆಯೂ ಇಂಥದೇ ಇದ್ದಿರಬೇಕು ಎಂದು ನನಗೆ ಅನ್ನಿಸಿತು. ಬೆಳಗಾಗುವಾಗ ಹೊನ್ನಿ ಕಣ್ಣು ಬಿಟ್ಟು "ನೀರು" ಎಂದಳು. ಕಣ್ಣು ಮುಚ್ಚಿದ್ದರೂ ಸದ್ದು ಕೇಳಿಸಿತ್ತೋ ಏನೋ, ಆಮೇಲೆ ಎಮ್ಮೆ ಎಲ್ಲಿ ಎಂದು ಕೇಳಿದಳು. ನಾವು ಮೂವರೂ ಒಟ್ಟಿಗೆ ಬಾಯಿಗೆ ಬಂದ ಉತ್ತರ ಹೇಳಿದೆವು.

ಸುಟ್ಟ ಚರ್ಮ ಈರುಳ್ಳಿ ಸಿಪ್ಪೆಯಂತೆ ಸುಲಿದು, ಕೆಳಗಿನಿಂದ ಎಳೆ ಚರ್ಮ ಬರುವ ತನಕ ಎಮ್ಮೆ ಹಗಲೆಲ್ಲ ನಮ್ಮ ಮನೆಯಲ್ಲೇ ಇತ್ತು. ಆಮೇಲೆ ಅತ್ತೆ ಮತ್ತೆ ಲೇಪ ಹಚ್ಚಲು ಶುರು ಮಾಡಿದರು, ಮೊದಲಿನ ಹಾಗೇ ದಪ್ಪಗೆ. ನಾನೂ ಮಣ್ಣು ಧಾರಾಳವಾಗಿ ಹಾಕಿದೆ. ಬಿಸಿಲಿನ ಮಾತನ್ನು ಯಾರೂ ಎತ್ತಲಿಲ್ಲ. ಹೊನ್ನಿ ನಡೆದಾಗ ಮೂವರೂ ಕಾಲು ನೋಡುತ್ತಿದ್ದೆವು, ಈಗ ಒಬ್ಬರು ನೋಡುವುದು ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ಮೊಣಕಾಲುಗಳ ನಡುವಿನ ಜಾಗ ಕಡಿಮೆಯಾಗಿರಲಿಲ್ಲ.

ಡಾಕ್ಟರು ಚರ್ಮ ನೋಡಲೆಂದು ಕರೆಸಿದರು. ನೋಡಿ, ಇದು ಆಯ್ತು ಎಂದರು. ಆಮೇಲೆ ಕಾಲು ಹಿಡಿದರು.

"ಬಿಸಿಲು ಈಗಲೂ ಬೇಕು" ಎಂದರು ಮೆಲ್ಲಗೆ.

ನನಗೆ ಎಲ್ಲಿತ್ತೋ ಸಿಟ್ಟು ಬಂತು. "ಎಷ್ಟು ಬೇಕು ಹೇಳಿ ಡಾಕ್ಟ್ರೇ. ಸ್ವಲ್ಪ ಸ್ವಲ್ಪ ಅಂತೀರಲ್ಲ, ಸ್ವಲ್ಪ ಅಂದ್ರೆ ಎಷ್ಟು? ನಮ್ಮನೇಲಿ ಮೂರು ಜನ ಮೂರು ಸ್ವಲ್ಪ ಕೊಟ್ವಿ, ಮಗು ಸಾಯೋ ಹಂಗಾಯ್ತು."

ಅವರು ಕನ್ನಡಕ ತೆಗೆದು ಒರೆಸಿದರು. "ತಪ್ಪು ನಂದೂ ಇದೆಯಮ್ಮ. ಆದ್ರೆ ಇಷ್ಟೇ ಅಂತ ಹೇಳಕ್ಕೆ ನಂಗೂ ಬರಲ್ಲ. ಒಂದೊಂದು ಮೈ ಒಂದೊಂದು ಥರ. ಎಳೇ ಬಿಸಿಲಲ್ಲಿ, ಬರೀ ಕಾಲು. ಪಕ್ಕದಲ್ಲೇ ಇರಿ. ಬೆರಳಲ್ಲಿ ಒತ್ತಿ ನೋಡ್ತಾ ಇರಿ, ಬಣ್ಣ ಕೆಂಪಿಗೆ ತಿರುಗೋಕೆ ಮೊದಲೇ ಮುಚ್ಚಿಬಿಡಿ. ಕಡಿಮೆಯಾದ್ರೂ ಚಿಂತೆಯಿಲ್ಲ, ದಿನಾ ಆಗಲಿ."

ಅತ್ತೆ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಏಳುವಾಗ, "ಒಂದು ಮೊರ ಅಕ್ಕಿ ಆರಿಸೋ ಹೊತ್ತು ಆಗ್ಬೋದಾ?" ಎಂದು ಕೇಳಿದರು. ಡಾಕ್ಟರು ಯೋಚಿಸಿ, ಆಗಬಹುದು, ಮೊರ ತೀರಾ ತುಂಬಿಸಬೇಡಿ ಎಂದರು.

ಮಾರನೆಯ ದಿನ ಬೆಳಗ್ಗೆ ಹಿತ್ತಿಲಲ್ಲಿ ಚಾಪೆ ಹಾಸಿದೆವು. ಮನೆಯೊಳಗೇ ಕೂರಬಹುದಿತ್ತು, ಬಿಸಿಲು ಎಲ್ಲ ಕಡೆ ಒಂದೇ. ಆದರೆ ಮಗುವನ್ನು ಬೇಕೆಂದೇ ಬಿಸಿಲಿಗೆ ಒಡ್ಡುವಾಗ ಆಕಾಶದ ಕೆಳಗೆ ಕೂರೋಣ ಎಂದು ಅತ್ತೆ ಹೇಳಿದರು. ಕದ್ದುಮುಚ್ಚಿ ಮಾಡುವುದು ಸಾಕಾಗಿತ್ತು. "ಮಣ್ಣು ಪೂರ್ತಿ ಹಾಕಿದೀನಿ" ಎಂದು ನಾನು ಜೋರಾಗಿ ಹೇಳಿದೆ. "ಬೆನ್ನು, ಹೊಟ್ಟೆ, ಕೈ, ಮುಖ ಹಚ್ಚಿದೀನಿ. ಕಾಲು ಬಿಟ್ಟಿದೀನಿ" ಎಂದು ಅತ್ತೆ ಹೇಳಿದರು. "ನಾನು ಎಲ್ಲೂ ಒರೆಸಿಲ್ಲ" ಎಂದ ಮಾದೇಶ. ಅವನು ಅಂಗಡಿಗೆ ಹೋಗಲಿಲ್ಲ, ಎಮ್ಮೆಯ ಹಗ್ಗ ಹಿಡಿದು ಬೇಲಿಯ ಹತ್ತಿರ ಸಿದ್ಧನಾಗಿ ನಿಂತಿದ್ದ. ಹೊನ್ನಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಒಂದು ಬೆಂಡೆಕಾಯಿ ಹಿಡಿದು ಆಡುತ್ತಿದ್ದಳು. ಆ ಕಾಲುಗಳ ಎಳೆ ಚರ್ಮದ ಮೇಲೆ ಬಿಸಿಲು ಬಿದ್ದಿತ್ತು.

ಅತ್ತೆ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸತೊಡಗಿದರು. ನಾನೂ ಕೈ ಹಾಕಿದೆ. ನನ್ನ ಕೈ ಓಡುತ್ತಿತ್ತು. ಮೊರ ಖಾಲಿಯಾದರೆ ಸಾಕು, ಕಾಲು ಮುಚ್ಚಬಹುದು. ಅವರ ಬೆರಳಿನಿಂದ ಕಾಳು ಚಾಪೆಗೆ ಚೆಲ್ಲುತ್ತಿತ್ತು. ನಡುನಡುವೆ ಮಗುವಿನ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ, ಬಣ್ಣ ಮರಳುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನೂ ಒತ್ತಿ ನೋಡಿದೆ. ಬೇಲಿಯ ಕಡೆಯಿಂದ ಮಾದೇಶ, "ಹೆಂಗಿದೆ, ಹೆಂಗಿದೆ?" ಎಂದು ಕೇಳುತ್ತಲೇ ಇದ್ದ.

ಕೊನೆಯ ಕಾಳುಗಳು ಮೊರದ ಈಚೆಗೆ ಬಂದವು. ಲೇಪದ ಬಟ್ಟಲು ಕೈಗೆ ತೆಗೆದುಕೊಂಡೆ. ಹೆತ್ತವಳು ಹಚ್ಚುವಂತಿಲ್ಲ ಎನ್ನುವುದು ನೆನಪಿಗೇ ಬರಲಿಲ್ಲ, ಎರಡು ಬೆರಳು ಅದ್ದಿದ್ದೂ ಆಯಿತು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಅವರ ಹಣೆಯ ಲೇಪ ಬೆವರಿನಲ್ಲಿ ಕರಗಿ ಹುಬ್ಬಿಗಿಳಿದಿತ್ತು. ಇನ್ನೊಂದು ಸಲ ಮಗುವಿನ ಕಾಲು ಒತ್ತಿ ನೋಡಿದರು. ಆಮೇಲೆ ಆರಿಸಿಟ್ಟ ಅಕ್ಕಿಯಲ್ಲೇ ಒಂದು ಹಿಡಿ ತೆಗೆದು ತಿರುಗಿ ಮೊರಕ್ಕೆ ಹಾಕಿದರು.

"ಇನ್ನೂ ಬಣ್ಣ ತಿರುಗಿಲ್ಲ. ಕೂತ್ಕೋ ದೇವೀರಿ" ಎಂದರು.

ನಾನು ಬಟ್ಟಲು ಕೆಳಗಿಟ್ಟು ಕೂತೆ. ಆ ಹಿಡಿ ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ಇಬ್ಬರೂ ತಲೆ ಬಗ್ಗಿಸಿ, ಒಂದೊಂದೇ ಕಾಳು ಸರಿಸಿ ಹುಡುಕಿದೆವು.